ರೇವೆ, ಹೂಳು, ಮೆಕ್ಕಲು: ಮಣ್ಣು ಒಂದೇ ಅಲ್ವಾ?

ಗೆಳೆಯರೇ, ಒಂದು ಪದದ ತಕರಾರು ತಂದಿದ್ದೇನೆ.

ನಮ್ಮೂರು ಬಾದಾಮಿ ತಾಲ್ಲೂಕಿನಲ್ಲಿ, ಮಲಪ್ರಭೆಯ ದಂಡೆಗೆ ಇದೆ. ಮೊನ್ನೆ ಮಗಳು ಭೂಗೋಳ ಓದುತ್ತಾ ‘ಮೆಕ್ಕಲು ಮಣ್ಣು ಅಂದ್ರ ಏನಪಾ?’ ಅಂದಳು. ‘ರೇವಿ’ ಅಂದೆ. ‘ಹಂಗಾದ್ರ ಹೂಳು?’ ಅಂದಳು. ಅಲ್ಲಿ ಸಿಕ್ಕಿಬಿದ್ದೆ.

2019ರ ಆಗಸ್ಟಿನ ನೆರೆ ನೆನಪಾಯಿತು. ನೀರು ಇಳಿದ ಮೇಲೆ ಮನೆಯೊಳಗೆ ಉಳಿದದ್ದಕ್ಕೆ ಎಲ್ಲರೂ ‘ರಾಡಿ’ ಅಂದರು. ಬೈದುಕೊಂಡೇ ಸಲಿಕೆಯಲ್ಲಿ ಎಳೆದು ಹಾಕಿದೆವು. ಅದೇ ಮಣ್ಣು ಹೊಲದಲ್ಲಿ ತೆಳ್ಳಗೆ ಹಾಸಿ, ಒಣಗಿ, ಬಿರುಕು ಬಿಟ್ಟಾಗ ದೊಡ್ಡಪ್ಪ ‘ರೇವಿ ಕುಂತೈತಿ, ಹಿಂಗಾರಿ ಜ್ವಾಳ ಚಲೋ ಬರ್ತೈತಿ’ ಅಂದ. ಇನ್ನು ನಮ್ಮಲ್ಲಿ ನಿಲ್ಲದೆ ಕೂಡಲಸಂಗಮದ ತನಕ ಹೋಗಿ, ನಾರಾಯಣಪುರ ಅಣೆಕಟ್ಟಿನ ಹಿನ್ನೀರಲ್ಲಿ ತಳ ಸೇರಿದ್ದಕ್ಕೆ ಪತ್ರಿಕೆಯವರು ‘ಹೂಳು’ ಅಂತಾರೆ. ಹೊಳೆ ಹೊತ್ತು ತಂದದ್ದು ಒಂದೇ. ಎಲ್ಲಿ ಇಳಿಸಿತು ಅನ್ನುವುದರ ಮೇಲೆ ಹೆಸರು.

ಆದರೆ ಪೂರ್ತಿ ಒಂದೇ ಅಂತಲೂ ಹೇಳಲಾರೆ. ಹೊಳೆಗೆ ಸೊಕ್ಕು ಇರುವ ತನಕ ಎಲ್ಲವನ್ನೂ ಹೊರುತ್ತದೆ. ನಿಧಾನವಾದಂತೆ ಭಾರದ್ದನ್ನು ಮೊದಲು ಕೆಳಗಿಡುತ್ತದೆ. ಮೊದಲು ಉಸುಕು, ಆಮೇಲೆ ರೇವೆ, ನೀರು ನಿಂತೇ ಹೋದ ಮೇಲೆ ಜೇಡಿ. ತಿರುವಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಹೊರಗಿನ ದಂಡೆಗೆ ನೀರಿನ ಹೊಡೆತ ಜಾಸ್ತಿ, ಅಲ್ಲಿ ದಂಡೆ ಕಡಿಯುತ್ತದೆ. ಒಳಗಿನ ದಂಡೆಗೆ ನೀರು ಮೆಲ್ಲಗೆ, ಅಲ್ಲಿ ಉಸುಕು ಬೀಳುತ್ತದೆ. ವರ್ಷಗಳು ಹೋದಂತೆ ಹೊಳೆಯೇ ಒಂದು ಮಗ್ಗುಲಿಗೆ ಸರಿಯುತ್ತದೆ. ಆ ನೆರೆಯಲ್ಲಿ ಹೊಳೆಗೆ ಹತ್ತಿದ ಹೊಲಗಳ ಮೇಲೆ ಉಸುಕು ಬಿತ್ತು, ಪಾಪ, ಅವರು ತೆಗೆಸುವುದರಲ್ಲೇ ಸೋತರು. ನಮ್ಮದು ಸ್ವಲ್ಪ ದೂರ, ರೇವೆ ಸಿಕ್ಕಿತು. ಹಾಗಾಗಿ ದೊಡ್ಡಪ್ಪನ ‘ರೇವಿ’ ಸುಮ್ನೆ ಮಣ್ಣಿಗೆ ಇಟ್ಟ ಹೆಸರಲ್ಲ. ಉಸುಕಿಗಿಂತ ಸಣ್ಣದು, ಜೇಡಿಗಿಂತ ದಪ್ಪದ್ದು ಅಂತ ಕಾಳಿನ ಅಳತೆಯೂ ಅದರಲ್ಲಿದೆ. ಕೃಷಿಯವರೂ ಮರಳು, ರೇವೆ, ಜೇಡಿ ಅಂತಲೇ ವಿಂಗಡಿಸುತ್ತಾರೆ. 0.002 ಮಿಲಿಮೀಟರ್‌ಗಿಂತ ಸಣ್ಣ ಕಾಳಾದರೆ ಅದು ಜೇಡಿ.

‘ಹೂಳು’ ಬೇರೆ ಜಾತಿಯ ಪದ. ಹೆಣ ಹೂಳುವುದು, ನಿಧಿ ಹೂಳುವುದು ಅಂತೀವಲ್ಲ, ಆ ಕ್ರಿಯಾಪದವೇ ಇದು. ಹಳಗನ್ನಡದಲ್ಲಿ ಪೂೞ್. ಅಂದರೆ ಕಾಳು ದಪ್ಪವೋ ಸಣ್ಣವೋ ಅದಕ್ಕೆ ಬೇಕಿಲ್ಲ, ಜಾಗ ಮುಚ್ಚಿದರೆ ಸಾಕು. ಕೆರೆಯನ್ನು ಹೂಳಿದ್ದೇ ಹೂಳು. ಉಸುಕೂ ಆದೀತು, ರೇವೆಯೂ ಆದೀತು. ತಮಾಷೆ ಅಂದರೆ, ಬೇಸಿಗೆಯಲ್ಲಿ ಆ ಹೂಳನ್ನೇ ಟ್ರ್ಯಾಕ್ಟರ್‌ನಲ್ಲಿ ತಂದು ಹೊಲಕ್ಕೆ ಹಾಕಿದರೆ ಮತ್ತೆ ‘ಕೆರಿ ಮಣ್ಣು’ ಅಂತ ಮರ್ಯಾದೆ ಬರುತ್ತದೆ. ಮೈಸೂರು ಕಡೆಯವರು ಇದಕ್ಕೆ ‘ಗೋಡು’ ಅನ್ನುತ್ತಾರಲ್ವಾ?

ಉಳಿದದ್ದು ‘ಮೆಕ್ಕಲು’. ನಮ್ಮ ಮನೆಯಲ್ಲಿ ಪುಸ್ತಕದ ಹೊರಗೆ ಈ ಪದವನ್ನು ಯಾರ ಬಾಯಲ್ಲೂ ಕೇಳಿಲ್ಲ. ನಿಮ್ಮ ಕಡೆ ಆಡುಮಾತಿನಲ್ಲಿ ಇದೆಯೇ? ಇದ್ದರೆ ಹೊಲದ ಮಣ್ಣಿಗೋ, ಹೊಳೆಯ ದಂಡೆಯದಕ್ಕೋ?

ವಿಜಯಪುರದ ಡೋಣಿ ಹೊಳೆಯ ಕಡೆಯವರಿಗೆ ಇನ್ನೊಂದು ಪ್ರಶ್ನೆ. ಡೋಣಿ ಬೆಳೆದರೆ ಓಣಿ ತುಂಬ ಜೋಳ ಅನ್ನುವ ಮಾತು ನಿಮ್ಮದು. ಆ ಸೀಮೆಯ ಎರೆ ಮಣ್ಣಿನ ಹುಟ್ಟು ಕರಿಕಲ್ಲು ಕರಗಿ ಆದದ್ದು, ಪೂರಾ ಹೊಳೆಯ ಕೊಡುಗೆ ಅಲ್ಲ. ಆದರೆ ಡೋಣಿ ಉಕ್ಕಿ ಹೊಲಕ್ಕೆ ನುಗ್ಗಿ ಹೊಸದಾಗಿ ಒಂದು ಪದರ ಬಿಟ್ಟು ಹೋದರೆ ಅದನ್ನು ಏನಂತೀರಿ? ರೇವಿನೋ, ಅದೂ ಎರಿನೋ?