ಪದಚರ್ಚೆ: ‘ಮೀನುಗಾರ ಮಹಿಳೆ’ ಎಂದರೆ ಹೊಂಡದಲ್ಲಿ ಮೀನು ಸಾಕುವವರೂ ಸೇರುತ್ತಾರೆಯೇ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಹೊಂಡ, ಕೆರೆಗಳಲ್ಲಿ ಮೀನು ಸಾಕುವ ಸ್ವಸಹಾಯ ಸಂಘಗಳಿಗಾಗಿ ಒಂದು ಕೈಪಿಡಿ ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಮೂರು ಪದಗಳ ಹತ್ತಿರ ಕೆಲಸ ನಿಂತಿದೆ. ‘ಜೆಂಡರ್ ಈಕ್ವಾಲಿಟಿ’ಗೆ ಕರಡಿನಲ್ಲಿ ‘ಲಿಂಗ ಸಮಾನತೆ’ ಎಂದಿದೆ. ‘ಸೋಶಿಯಲ್ ಇನ್‌ಕ್ಲೂಷನ್’ಗೆ ‘ಸಾಮಾಜಿಕ ಒಳಗೊಳ್ಳುವಿಕೆ’. ‘ಫಿಶ್ ಫಾರ್ಮರ್’ ಎಂಬುದಕ್ಕೆ ಒಂದು ಪುಟದಲ್ಲಿ ‘ಮೀನುಗಾರ’, ಇನ್ನೊಂದರಲ್ಲಿ ‘ಮತ್ಸ್ಯ ಕೃಷಿಕ’, ಹೆಂಗಸರ ಮಾತು ಬಂದ ಕಡೆಯೆಲ್ಲ ‘ಮೀನುಗಾರ ಮಹಿಳೆ’. ಓದುವವರು ಹೆಚ್ಚೆಂದರೆ ಹೈಸ್ಕೂಲು ಮುಗಿಸಿದವರು. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು?

ಉತ್ತರ:

ಮೂರನೆಯದನ್ನೇ ಮೊದಲು ನೋಡೋಣ, ದುಡ್ಡಿನ ಲೆಕ್ಕ ಇರುವುದು ಅಲ್ಲೇ.

‘ಮೀನುಗಾರ’ ಎಂದರೆ ಬಳಕೆಯಲ್ಲಿ ಮೀನು ಹಿಡಿಯುವವನು. ಅದರ ಜೊತೆಗೇ ಜಾತಿಯೂ ಕೇಳಿಸುತ್ತದೆ: ಒಳನಾಡಿನಲ್ಲಿ ಬೆಸ್ತರು, ಗಂಗಾಮತಸ್ಥರು, ಕರಾವಳಿಯಲ್ಲಿ ಮೊಗವೀರರು, ಖಾರ್ವಿಗಳು. ಹೊಲದ ಮೂಲೆಯಲ್ಲಿ ಹೊಂಡ ತೋಡಿ ಕಾಟ್ಲಾ, ರೋಹು ಬಿಟ್ಟಿರುವ ದಲಿತ ಹೆಣ್ಣುಮಗಳೊಬ್ಬಳು ‘ಮೀನುಗಾರರಿಗೆ ತರಬೇತಿ’ ಎಂಬ ನೋಟಿಸು ನೋಡಿ ಇದು ನಮ್ಮದಲ್ಲ ಎಂದು ಮುಂದೆ ಹೋದರೆ ಅವಳು ಓದಿದ್ದು ಸರಿಯಾಗಿಯೇ ಇದೆ. ಬರೆದದ್ದು ಸರಿಯಿಲ್ಲ. ‘ಮತ್ಸ್ಯ ಕೃಷಿಕ’ ಎಂಬುದರಲ್ಲಿ ಜಾತಿಯಿಲ್ಲ, ಆದರೆ ಅದು ಗಂಡಸಿನ ರೂಪ. ಹೆಂಗಸನ್ನು ಹೇಳಬೇಕಾದಾಗ ‘ಮಹಿಳೆ’ಯನ್ನು ಬಾಲದಂತೆ ಅಂಟಿಸಬೇಕಾಗುತ್ತದೆ.

‘ಮೀನು ಸಾಕುವವರು’ ಎಂದು ಬರೆಯಿರಿ. ಬಹುವಚನದಲ್ಲಿ ಗಂಡು ಹೆಣ್ಣಿನ ಭೇದವಿಲ್ಲ, ಒಬ್ಬರಿಗೆ ಹೇಳಿದರೆ ಗೌರವವೂ ಆಯಿತು. ಅರ್ಜಿಯ ನಮೂನೆಯಲ್ಲಿ ‘ಅರ್ಜಿದಾರ’ ಇದ್ದರೆ ‘ಅರ್ಜಿದಾರರು’ ಮಾಡಿ. ‘ಫಲಾನುಭವಿ’, ‘ಪ್ರತಿನಿಧಿ’ ಇವು ಹಾಗೆಯೇ ಇರಲಿ, ಅವು ಯಾರ ಪಕ್ಷವೂ ಅಲ್ಲ.

ಆದರೆ ‘ಮಹಿಳಾ ಫಲಾನುಭವಿ’ ಮತ್ತು ‘ಮೀನು ಸಾಕುವ ಮಹಿಳೆ’ ಒಂದೇ ಎಂದು ಎಣಿಸಬೇಡಿ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಘಟಕ ವೆಚ್ಚದ ಶೇ. 40 ಸಹಾಯಧನ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 60. ಹೊಸ ಹೊಂಡಕ್ಕೆ ಹೆಕ್ಟೇರಿಗೆ 7 ಲಕ್ಷ ರೂಪಾಯಿ ವೆಚ್ಚ ಹಿಡಿದರೆ ಒಂದು ಕಡೆ 2.8 ಲಕ್ಷ, ಇನ್ನೊಂದು ಕಡೆ 4.2 ಲಕ್ಷ. ನಡುವೆ 1.4 ಲಕ್ಷದ ಅಂತರ ಇರುವಾಗ ಹೆಂಡತಿಯ ಹೆಸರಿನಲ್ಲಿ ಅರ್ಜಿ ಹಾಕಿ ಹೊಂಡವನ್ನು ಗಂಡ ನೋಡಿಕೊಳ್ಳುವುದು ಆಶ್ಚರ್ಯವಲ್ಲ. ಅದರ ಉಲ್ಟಾ ಕೂಡ ಇದೆ: ಪಹಣಿ ಗಂಡನದು, ಕೆಲಸವೆಲ್ಲ ಹೆಂಡತಿಯದು. ಹಾಗಾಗಿ ಕೈಪಿಡಿಯ ಕೋಷ್ಟಕದಲ್ಲಿ ನಾಲ್ಕು ಕಾಲಮ್ ಬೇರೆಬೇರೆ ಇರಲಿ. ಪಹಣಿ ಯಾರ ಹೆಸರಿನಲ್ಲಿದೆ, ಮೇವು ಹಾಕುವವರು ಯಾರು, ಮಾರಿದ ದುಡ್ಡು ಎಣಿಸಿಕೊಳ್ಳುವವರು ಯಾರು, ಪಾಸ್‌ಬುಕ್ ಯಾರ ಹತ್ತಿರ ಇದೆ.

ನೀವು ಕೇಳದ ಇನ್ನೊಂದು ಪದ ಇದೆ, ‘ಸಹಾಯ’. ಇಂಥ ಕರಡುಗಳಲ್ಲಿ ‘ಮನೆಯ ಹೆಂಗಸರು ಸಹಾಯ ಮಾಡುತ್ತಾರೆ’ ಎಂಬ ವಾಕ್ಯ ಇದ್ದೇ ಇರುತ್ತದೆ. ಹೊಡೆದುಹಾಕಿ, ಮಾಡುವ ಕೆಲಸವನ್ನೇ ಬರೆಯಿರಿ. ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸಮತೂಕ ಕಲಸಿ ನೆನೆಸಿ ಉಂಡೆ ಕಟ್ಟುವುದು. ಮೀನಿನ ಒಟ್ಟು ತೂಕದ ಶೇ. 2ರಿಂದ 5ರಷ್ಟು ಹಾಕುವುದು. ತಲಾ 200 ಗ್ರಾಮಿನ 1,000 ಮೀನಿದ್ದರೆ ಒಟ್ಟು 200 ಕಿಲೋ, ಶೇ. 3ರ ಲೆಕ್ಕದಲ್ಲಿ ದಿನಕ್ಕೆ 6 ಕಿಲೋ ಮೇವು. ತಟ್ಟೆಯಲ್ಲಿ ನಿನ್ನೆಯ ಮೇವು ಉಳಿದಿದೆಯೇ ಎಂದು ನೋಡಿ ಇವತ್ತಿನದನ್ನು ಕಡಿಮೆ ಮಾಡುವುದು. ಇದು ಲೆಕ್ಕದ ಕೆಲಸ, ‘ಸಹಾಯ’ ಅಲ್ಲ.

ಈ ಒಂದು ಪದದಿಂದ ಮೀನೂ ಸಾಯುತ್ತದೆ ಎಂದರೆ ನಂಬಿ. ಸೆಗಣಿ ಗೊಬ್ಬರ ಹೆಚ್ಚಾದರೆ ನೀರು ದಟ್ಟ ಹಸಿರಾಗುತ್ತದೆ. ರಾತ್ರಿ ಪಾಚಿಯೂ ಮೀನಿನ ಜೊತೆಗೆ ಆಮ್ಲಜನಕ ಬಳಸುತ್ತದೆ, ಕೊಳೆಯುವ ಸೆಗಣಿಯೂ ಎಳೆದುಕೊಳ್ಳುತ್ತದೆ, ಬೆಳಗಿನ ಜಾವಕ್ಕೆ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಆಗ ಮೇವು, ಗೊಬ್ಬರ ಎರಡನ್ನೂ ನಿಲ್ಲಿಸಿ ಹೊಸ ನೀರು ಹಾಯಿಸಬೇಕು. ಅದನ್ನು ಮೊದಲು ಕಾಣುವವರು ಮುಂಜಾನೆ ಮೇವು ತರುವವರು. ತರಬೇತಿಯ ಕರೆ ಮಾತ್ರ ಪಹಣಿದಾರನ ಫೋನಿಗೆ ಹೋಗುತ್ತದೆ. ‘ಸಹಾಯಕಿ’ಯನ್ನು ತರಬೇತಿಗೆ ಯಾರು ಕರೆಯುತ್ತಾರೆ?

ಇನ್ನು ‘ಲಿಂಗ ಸಮಾನತೆ’. ಪತ್ರಿಕೆಗಳಲ್ಲಿ ಅದು ನಿಂತಿದೆ, ತಕರಾರಿಲ್ಲ. ಆದರೆ ಮೀನಿನ ಕೈಪಿಡಿಯಲ್ಲಿ ‘ಲಿಂಗ’ಕ್ಕೆ ಬೇರೆ ಕೆಲಸವಿದೆ. ತಿಲಾಪಿಯಾ ಅಧ್ಯಾಯ ಇದ್ದರೆ ‘ಏಕಲಿಂಗ ತಿಲಾಪಿಯಾ’, ‘ಲಿಂಗ ಪರಿವರ್ತನೆ’ ಬರುತ್ತವೆ: ಮೊಟ್ಟೆಯೊಡೆದ ಮರಿಗಳಿಗೆ ಸುಮಾರು 21 ದಿನ ಹಾರ್ಮೋನು ಬೆರೆಸಿದ ಮೇವು ಕೊಟ್ಟು ಎಲ್ಲವನ್ನೂ ಗಂಡಾಗಿಸುವ ವಿಧಾನ ಅದು, ಹೊಂಡದಲ್ಲೇ ಮರಿ ಹಾಕಿ ತುಂಬಿಹೋಗಬಾರದೆಂದು. ಆ ಅಧ್ಯಾಯ ಮುಗಿಸಿ ಪುಟ ತಿರುಗಿಸಿದರೆ ‘ಲಿಂಗ ಸಮಾನತೆ ಸಾಧಿಸುವುದು ಹೇಗೆ’ ಎಂಬ ತಲೆಬರಹ! ಮೀನಿಗೆ ‘ಲಿಂಗ’, ಮನುಷ್ಯರಿಗೆ ‘ಲಿಂಗತ್ವ’ ಎಂದು ಬೇರ್ಪಡಿಸಿ. ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ಬಳಕೆ ಈಗಾಗಲೇ ಇದೆ, ‘ಸ್ತ್ರೀ-ಪುರುಷ ಸಮಾನತೆ’ ಎಂದರೆ ಅವರು ಹೊರಗುಳಿಯುತ್ತಾರೆ.

‘ಒಳಗೊಳ್ಳುವಿಕೆ’ಯಲ್ಲಿ ಯಾರೂ ಏನೂ ಮಾಡಬೇಕಿಲ್ಲ, ತಾನಾಗಿ ಆದಂತೆ ಕೇಳುತ್ತದೆ. ‘ಒಳಗೊಳಿಸುವುದು’ ಎಂದರೆ ಮಾಡುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಅದೇ ಬೇಕು. ಒಳಪುಟಗಳಲ್ಲಿ ‘ಹೊರಗಿಡದಿರುವುದು’ ಇನ್ನೂ ನೇರ. ಕೆರೆಯ ಮೀನು ಪಾಶುವಾರು (ಮೀನು ಹಿಡಿಯುವ ಹಕ್ಕಿನ) ಹರಾಜಿನಲ್ಲಿ ಮುಂಗಡ ಠೇವಣಿ ಕಟ್ಟಲಾಗದೆ ಹೊರಗುಳಿಯುವವರಿದ್ದಾರೆ. ಸಂಘದ ಸದಸ್ಯತ್ವ ಮನೆಗೊಬ್ಬರಿಗೆ ಎಂದಾದ ಕಡೆ ಹೆಂಗಸರು ಹೊರಗೆ. ಕೆಲವೆಡೆ ನೀರಿಗೆ ಇಳಿಯುವುದೇ ಜಾತಿಯ ಪ್ರಶ್ನೆ. 1927ರಲ್ಲಿ ಅಂಬೇಡ್ಕರ್ ಮಹಾಡಿನ ಕೆರೆಯ ನೀರು ಮುಟ್ಟಿದ್ದು ಇದಕ್ಕೇ ಅಲ್ಲವೇ.

ಕಾಸರಗೋಡಿನಿಂದ ಮತ್ತೊಂದು ಉತ್ತರ:

‘ಸಾಕುವವರು’ ಹೊಂಡಕ್ಕೆ ಸರಿ, ನದಿ ಸಮುದ್ರ ಸೇರುವ ಅಳಿವೆಗೆ ಸಾಲದು. ಇಲ್ಲಿ ಚೆರುವತ್ತೂರು, ಪಡನ್ನ ಕಡೆ ಹೆಂಗಸರ ಗುಂಪುಗಳು ಮಾಡುವುದು ಕಲ್ಲುಮ್ಮಕಾಯಿ, ಅಂದರೆ ನಮ್ಮ ಪಚ್ಚಿಲೆ. ಅದು ಚಿಪ್ಪಿನೊಳಗಿನ ಜೀವಿ, ಮೀನೂ ಅಲ್ಲ, ಅದಕ್ಕೆ ಮೇವು ಹಾಕುವುದೂ ಇಲ್ಲ, ನೀರಿನಲ್ಲಿರುವುದನ್ನೇ ಸೋಸಿ ತಿನ್ನುತ್ತದೆ. ನವೆಂಬರ್ ಡಿಸೆಂಬರಿನಲ್ಲಿ ಬಂಡೆಗಳಿಂದ ಕಿತ್ತ ಮರಿಯನ್ನು ನೈಲಾನ್ ಹಗ್ಗದ ಸುತ್ತ, ಮೀಟರಿಗೆ 1ರಿಂದ 1.5 ಕಿಲೋ, ಹತ್ತಿಯ ಬಲೆಬಟ್ಟೆಯಲ್ಲಿ ಸುತ್ತಿ ಹೊಲಿದು ಕಂಬದ ಚಪ್ಪರಕ್ಕೆ ಇಳಿಬಿಡುತ್ತಾರೆ. ಕೆಲವೇ ದಿನದಲ್ಲಿ ಬಟ್ಟೆ ಕರಗುತ್ತದೆ, ಅಷ್ಟರಲ್ಲಿ ಮರಿ ತನ್ನ ನಾರಿನಿಂದ ಹಗ್ಗ ಹಿಡಿದಿರುತ್ತದೆ. ನೈಲಾನ್ ಬಟ್ಟೆ ಸುತ್ತಿದರೆ ಕರಗದೆ ಮರಿ ಒಳಗೇ ಸಿಕ್ಕಿಬೀಳುತ್ತದೆ. ಮೇ ತಿಂಗಳೊಳಗೆ ತೆಗೆಯಲೇಬೇಕು. ಮಳೆ ಬಂದು ನೀರು ಸಿಹಿಯಾದರೆ ಇಡೀ ಹಗ್ಗ ಸಾಯುತ್ತದೆ. ಇದು ‘ಬೆಳೆಸುವುದು’. ಎರಡಕ್ಕೂ ಸೇರಿ ‘ಜಲಚರ ಕೃಷಿ’ ಎನ್ನಿ. ‘ಜಲಕೃಷಿ’ ಬೇಡ, ಮಣ್ಣಿಲ್ಲದೆ ಸೊಪ್ಪು ಬೆಳೆಯುವವರು ಆ ಪದ ಹಿಡಿದಿದ್ದಾರೆ.

‘ಲಿಂಗತ್ವ’ ಸರಿಯಾದ ಪದವೇ, ಆದರೆ ಈ ಓದುಗರಿಗೆ ಭಾರ. ತಲೆಬರಹದಲ್ಲಿ ಒಮ್ಮೆ ಬರಲಿ, ಕೆಳಗೆ ‘ಹೆಣ್ಣು, ಗಂಡು, ಲಿಂಗತ್ವ ಅಲ್ಪಸಂಖ್ಯಾತರು ಎಲ್ಲರಿಗೂ ಸಮಪಾಲು’ ಎಂದು ಬಿಡಿಸಿ. ಮತ್ತೆ ನಮೂನೆಯಲ್ಲಿ ‘ತಂದೆ/ಗಂಡನ ಹೆಸರು’ ಎಂಬ ಕಡ್ಡಾಯ ಗೆರೆ ಇದೆಯೇ ನೋಡಿ. ಹತ್ತು ಹೆಂಗಸರ ಗುಂಪು ಅಲ್ಲಿ ಯಾರ ಗಂಡನ ಹೆಸರು ಬರೆಯಬೇಕು? ಆ ಗೆರೆಯ ಜಾಗಕ್ಕೆ ‘ಗುಂಪಿನ ಹೆಸರು, ಖಾತೆಗೆ ಸಹಿ ಹಾಕುವ ಇಬ್ಬರು’ ಎಂದು ಹಾಕಿ.