ಅಪ್ಪ ತೀರಿದ್ದು ಸೊಲ್ಲಾಪುರದಾಗ, ಹೊಲ ವಿಜಯಪುರ ಜಿಲ್ಲಾದಾಗ, ದಾಖಲಾದಾಗ ಹೆಸರ ಬ್ಯಾರೆ. ವಾರಸಾ ಹೆಂಗ ಮಾಡ್ಸೂದು?

ಭೀಮಾ_ದಂಡಿ:

ನಮಸ್ಕಾರ್ರೀ ಎಲ್ಲಾರಿಗೂ. ಸ್ವಲ್ಪ ಉದ್ದ ಐತಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ನಮ್ಮ ಅಪ್ಪ 72 ವರ್ಷದವ, ಹೋದ ಮೇ ತಿಂಗಳ ಅಂದ್ರ 2021ರಾಗ ಕೊರೋನಾದಿಂದ ಹೋದ. ವಿಜಯಪುರದಾಗ ಟೆಸ್ಟ್ ಪಾಸಿಟಿವ್ ಬಂತು, ಆಕ್ಸಿಜನ್ ಬೆಡ್ ಎಲ್ಲೂ ಸಿಗಲಿಲ್ಲ, ನಮ್ಮ ಸೋದರಮಾವ ಸೊಲ್ಲಾಪುರದಾಗ ಒಂದು ಕಡೆ ಹೇಳಿ ಇಟ್ಟಿದ್ದ ಅಂತ ರಾತ್ರಿ ಗಾಡಿ ಮಾಡ್ಕೊಂಡು ಧೂಳಖೇಡ ಗಡಿ ದಾಟಿ ಮಹಾರಾಷ್ಟ್ರಕ್ಕ ಒಯ್ದ್ವಿ. ಆರು ದಿನ ಇದ್ದ. ಆರನೇ ದಿನ ಬೆಳಿಗ್ಗೆ ಫೋನ್ ಬಂತು. ಹೆಣ ಕೊಡಲಿಲ್ಲ, ಪಾಲಿಕೆದವ್ರೇ ಸುಟ್ಟರು. ನಮ್ಮದು ಮಣ್ಣು ಕೊಡೋ ಮನಿತನರೀ, ಹೊಲದಾಗ ನಮ್ಮ ಅಜ್ಜನ ಗದ್ದಿಗಿ ಬಾಜೂಕ ನಿಂಬಿ ಗಿಡದ ಕೆಳಗ "ಇಲ್ಲೇ ನನ್ನ ಕೂಡಸ್ರಿ" ಅಂತ ಜಾಗಾ ತೋರ್ಸಿಟ್ಟಿದ್ದ ಅಂವ. ಆ ಜಾಗಾ ಹಂಗ ಖಾಲಿ ಐತಿ.

ಇರ್ಲಿ, ವಿಷಯಕ್ಕ ಬರ್ತೀನಿ. ಹೊಲ ಅಪ್ಪನ ಹೆಸರಿಗೆ ಐತಿ, ವಾರಸಾ ಆಗ್ಬೇಕು, ಅಂದ್ರ ಅದು ನಮ್ಮ ಹೆಸರಿಗೆ ಬರಬೇಕು. ಉತಾರದಾಗ (ಹೊಲದ ಪಹಣಿದಾಗ) ಅಪ್ಪನ ಹೆಸರು "ರಾಯ" ಅಂತ ಮುಗೀತೈತಿ. ಆಧಾರದಾಗ "ಪ್ಪ" ಅಂತ ಐತಿ. ಸೊಲ್ಲಾಪುರದ ದವಾಖಾನಿದವ್ರು ಬರದು ಕಳಿಸಿದ್ದು "ರಾವ", ಮ್ಯಾಲೆ ಅಡ್ಡಹೆಸರಿನ ಜಾಗಾದಾಗ ನಮ್ಮ ಊರ ಹೆಸರು ಬರದಾರ. ಅಂದ್ರ ಸತ್ತಾಂವ ಒಬ್ಬ, ಉತಾರ ಇನ್ನೊಬ್ಬಂದು, ಆಧಾರ ಮತ್ತೊಬ್ಬಂದು! ಮೃತ್ಯು ದಾಖಲಾ ಮರಾಠಿ ಇಂಗ್ಲಿಷ್ ಎರಡರಾಗೂ ಐತಿ, ಕನ್ನಡ ಇಲ್ಲ. ಕಚೇರಿಗೆ ಹೋದ್ರ "ಇದು ನಿಮ್ಮ ತಂದೀದು ಅಂತ ಹೆಂಗ ನಂಬೂದು" ಅಂದು ಅರ್ಜಿ ವಾಪಸ್ ಕೊಟ್ರು. ಮೂರು ಸಲ ಆತು. ಒಬ್ಬಾಂವ ಅಂತೂ "ಊರಾಗ ಸತ್ತ ಅಂತ ಇಲ್ಲೇ ಹೊಸಾದು ಮಾಡ್ಸಿ ಬಿಡ್ರಿ, ಸುಲಭ ಆಗತೈತಿ" ಅಂದ. ಮಾಡ್ಸಲ್ಯಾ ಬ್ಯಾಡೋ ತಿಳೀವಲ್ದು. ಅವ್ವ ಇದ್ದಾಳ, ನಾನು, ತಮ್ಮ, ಇಬ್ರು ಅಕ್ಕಂದೇರು. ಬ್ಯಾಂಕಿನ್ಯಾಗ ಅಪ್ಪಂದು ಸ್ವಲ್ಪ ಎಫ್‌ಡಿ ಐತಿ, ಸೊಸೈಟಿದಾಗ ಬೆಳೆಸಾಲ ಐತಿ. ಯಾರರ ಇಂಥಾದ್ದು ದಾಟಿದವ್ರು ಇದ್ರ ಹೇಳ್ರಿ.

ಹಳೇತಲಾಟಿ:

ತಮ್ಮಾ, ಮೊದಲ ಒಂದು ಮಾತು, ಊರಾಗ ಹೊಸಾ ದಾಖಲಾ ಅನ್ನೋದನ್ನ ತಲ್ಯಾಗಿಂದ ತಗದು ಹಾಕು. ಸಾವು ನೋಂದಣಿ ಆಗೂದು ಸತ್ತ ಜಾಗಾದಾಗ ಮಾತ್ರ, ಮನಿ ಎಲ್ಲೇ ಇರ್ಲಿ. ಒಬ್ಬ ಮನಷ್ಯಾನ ಸಾವು ಎರಡು ಕಡೆ ಬರಸಿದ್ರ ಅದು ಸುಳ್ಳು ಮಾಹಿತಿ, ನಾಳೆ ನಿಮ್ಮ ಅಣ್ಣತಮ್ಮಂದೇರ ನಡುವನs ಜಗಳ ಬಂದ್ರ ಅದೇ ಕಾಗದ ಹಿಡಕೊಂಡು ಕೋರ್ಟಿಗೆ ಎಳೀತಾರ. ನಾ 30 ವರ್ಷ ತಲಾಟಿ (ಗ್ರಾಮಲೆಕ್ಕಿಗ) ಆಗಿ ಇದೇ ಕೆಲಸ ಮಾಡೀನಿ, ಇಂಥಾವು ನೋಡಿ ನೋಡಿ ಸಾಕಾಗೇತಿ.

ದಾರಿ ಏನಂದ್ರ, 1969ರ ಜನನ ಮರಣ ನೋಂದಣಿ ಕಾಯ್ದೆದಾಗ 15ನೇ ಕಲಂ ಅಂತ ಐತಿ, ತಪ್ಪು ನಮೂದು ತಿದ್ದೂದಕ್ಕ. ಕಾಯ್ದೆ ದೇಶಕ್ಕೆಲ್ಲಾ ಒಂದೇ, ಮಹಾರಾಷ್ಟ್ರಕ್ಕೂ ಅದೇ. ಎಲ್ಲಿ ನೋಂದಣಿ ಆಗೇತೋ ಅಲ್ಲೇ, ಅಂದ್ರ ಸೊಲ್ಲಾಪುರದ ನೋಂದಣಿ ಅಧಿಕಾರಿ ಕಡೆನೇ ಹೋಗಬೇಕು. ಹಳೇ ನಮೂದು ಅಳಸಂಗಿಲ್ಲ, ಬಾಜೂಕ ಅಂಚಿನ್ಯಾಗ ಸರಿಯಾದ ಹೆಸರು ಬರದು ಸಹಿ ಮಾಡಿ ತಾರೀಖು ಹಾಕ್ತಾರ. ಅದಕ್ಕ ಸಂಗತಿ ಗೊತ್ತಿದ್ದ, ನಂಬುವಂಥಾ ಇಬ್ರು ಘೋಷಣಾ ಬರದು ಕೊಡಬೇಕು, ಜೊತಿಗೆ ಹೆಸರಿನ ಪುರಾವೆ. ನಿನ್ನ ಸೋದರಮಾವ ಅಲ್ಲೇ ಇದ್ದಾನಲ್ಲ, ಅಂವ ಒಬ್ಬ ಆದ. ದವಾಖಾನಿಯಿಂದ ಪತ್ರ ತರೂದು ಮರೀಬ್ಯಾಡ, ತಪ್ಪು ಅವರ ಕಡೆಯಿಂದ ಹೋಗೇತಿ ಅಂದ್ರ ಅವರ ಕೇಸ್ ಪೇಪರಿನ್ಯಾಗ ಹೆಸರು ಹೆಂಗೈತಿ ಅಂತ ನೋಡೇ ನೋಡ್ತಾರ.

ತಿದ್ದಸೂದು ಯಾವ ಹೆಸರಿಗೆ? ಆಧಾರಕ್ಕ ಹೊಂದಸು. ಸತ್ತವರ ಆಧಾರ ಇನ್ನ ತಿದ್ದಾಕ ಬರಂಗಿಲ್ಲ, ಬಟ್ಟು ಕೊಡೋ ಮನಷ್ಯಾನೇ ಇಲ್ಲ. ಆಮ್ಯಾಲೆ ಉತಾರದ "ರಾಯ"ಗೂ ಆಧಾರದ "ಪ್ಪ"ಗೂ ನಡುವ ಇಬ್ಬರೂ ಒಬ್ಬನೇ ಅಂತ ಬಾಂಡ್ ಮ್ಯಾಲೆ ಅಫಿಡವಿಟ್ ಮಾಡ್ಸು. ನಮ್ಮ ಕಡೆ ಹಳೇ ಉತಾರದಾಗ ಎಲ್ಲಾರೂ ರಾಯನೇ, ಗೌಡನೇ, ಅದು ಕಚೇರಿದವ್ರಿಗೂ ಗೊತ್ತೈತಿ.

ಸುಮ್ನೆ_ಹೇಳಿದೆ:

ಏಜಂಟ್ ಹಿಡೀರಿ ಅಣ್ಣಾರ, ನೋಟು ತೋರ್ಸಿದ್ರ ರಾಯನೂ ರಾವ ಆಗತಾನ.

ಹಳೇತಲಾಟಿ:

ಆಗತಾನ, ಆಮ್ಯಾಲೆ ಏಜಂಟ್ ಫೋನ್ ಎತ್ತಂಗಿಲ್ಲ. ಬ್ಯಾಡ.

ಅಥಣಿ_ಅಕ್ಕ:

ತಮ್ಮಾ, ಓದಿ ಭಾಳ ಸಂಕಟ ಆತು. ನಮ್ಮ ಅವ್ವನ್ನ ನಾವು ಮೀರಜಿಗೆ ಒಯ್ದಿದ್ವಿ, ಅಥಣಿ ಕಡೆದವ್ರಿಗೆ ದವಾಖಾನಿ ಅಂದ್ರ ಮೀರಜನ ಅಲ್ಲೇನ್ರಿ. ಅಕಿನೂ ತಿರುಗಿ ಬರಲಿಲ್ಲ. ಪ್ಲಾಸ್ಟಿಕ್ ಸುತ್ತಿ ದೂರಿಂದ ಮಾರಿ ತೋರ್ಸಿದ್ರು, ಖರೇನ ಅಕಿನೋ ಅಲ್ಲೋ ಅಂತ ಇವತ್ತಿಗೂ ಒಮ್ಮೊಮ್ಮೆ ಅನಸ್ತೈತಿ. ಮೂಗಬಟ್ಟು ನೋಡಿ ಗುರ್ತ ಹಿಡದ್ನಿ.

ನಮ್ಮದೂ ಹೆಸರಿನ ಲಫಡಾನ. ಮರಾಠಿದವ್ರ ಪದ್ಧತಿ ಏನಂದ್ರ ಹೆಸರು, ಗಂಡನ ಹೆಸರು, ಅಡ್ಡಹೆಸರು ಮೂರೂ ಬೇಕು. ನಮ್ಮವ್ವಗ ಅಡ್ಡಹೆಸರು ಬರಿಯೋ ರೂಢಿನೇ ಇರಲಿಲ್ಲ, ಅವ್ರು ಏನೋ ಒಂದು ತುಂಬಿದ್ರು. ನಾ ಹೋಗಿ ತಿದ್ದಿಸ್ಕೊಂಡು ಬಂದ್ನಿ, ಎರಡು ಸಲ ಹೋಗಬೇಕಾತು, ಒಂದು ಸಲ ಸಾಹೇಬ ಸುಟ್ಟಿ ಮ್ಯಾಲಿದ್ದ. ಒಂದು ಹುಶಾರಿ ಹೇಳ್ತೀನಿ, ತಿದ್ದಿದ ದಾಖಲಾ ಕೈಯಾಗ ಕೊಡ್ತಾರಲ್ಲ, ಅಲ್ಲೇ ಕಿಡಕಿ ಮುಂದ ನಿಂತು ಅಕ್ಷರ ಅಕ್ಷರ ಓದ್ರಿ, ಮರಾಠಿದ್ದೂ ಇಂಗ್ಲಿಷಿಂದೂ. ನಂದು ಮರಾಠಿದಾಗ ಸರಿ ಆಗಿತ್ತು, ಇಂಗ್ಲಿಷ್ ಹಂಗ ಬಿಟ್ಟಿದ್ರು. ಒಂದು ಹತ್ತು ಪ್ರತಿ ತಗೊಂಡು ಬರ್ರಿ, ಎಲ್ಲಾ ಕಡೆ ಒರಿಜಿನಲ್ ಕೇಳ್ತಾರ, ಝೆರಾಕ್ಸ್ ಅಂದ್ರ ಮಾರಿ ತಿರುವ್ತಾರ.

ಎಫ್‌ಡಿಗೆ ನಾಮಿನಿ ಯಾರು? ಅವ್ವ ಇದ್ರ ಚಿಂತಿಲ್ಲ. ನಾಮಿನಿ ಇದ್ದಲ್ಲಿ ವಾರಸಾ ಸರ್ಟಿಫಿಕೇಟ್ ತಾ ಅನ್ನಂಗಿಲ್ಲ, ಕಾಗದ ಪೂರಾ ಕೊಟ್ಟ 15 ದಿನದಾಗ ಮುಗಿಸಬೇಕಂತ ರಿಸರ್ವ್ ಬ್ಯಾಂಕ್ ಹೇಳೇತಿ. ನಮ್ಮ ಬ್ಯಾಂಕಿನ್ಯಾಗ ಒಬ್ಬಾಕಿ ಕೋರ್ಟ್ ಆರ್ಡರ್ ತರ್ರಿ ಅಂದ್ಲು, ನಾ "ಅದನ್ನ ಬರದು ಕೊಡ್ರಿ" ಅಂದ್ನಿ, ಬರದು ಕೊಡಲಿಲ್ಲ, ಕೆಲಸ ಆತು. ಮತ್ತ ಅಪ್ಪನ ಎಟಿಎಂ ಕಾರ್ಡಿಂದ ರೊಕ್ಕ ತಗೀಬ್ಯಾಡ್ರಿ, ನಮ್ಮ ತಮ್ಮ ತಗದು ಆಮ್ಯಾಲೆ ಅದಕ್ಕೊಂದು ಸ್ಪಷ್ಟೀಕರಣ ಬರದು ಕೊಡಬೇಕಾತು.

ಮುಳುಗಡೆ_ಮಂದಿ:

ನಾ ಬಾಗಲಕೋಟದಾಂವ, ಆಲಮಟ್ಟಿ ನೀರಾಗ ಹೊಲಾ ಮನಿ ಹೋದವ್ರು, ವಂಶಾವಳಿ (ಮನಿತನದ ವಾರಸದಾರರ ಪಟ್ಟಿ) ಅಂದ್ರ ನಮ್ಮ ಊರಾಗ ಸಣ್ಣ ಹುಡುಗ್ರೂ ಬಾಯಿಪಾಠ ಹೇಳ್ತಾವ. ಅದಕ್ಕs ಒಂದು ಹೇಳ್ತೀನಿ, ವಂಶಾವಳಿದಾಗ ಇಬ್ರೂ ಅಕ್ಕಂದೇರ ಹೆಸರು ಬರಸ್ರಿ. "ಅವ್ರಿಗೆ ಕೊಟ್ಟು ಕಳಿಸೇವಿ, ಅವ್ರೇನೂ ಕೇಳಂಗಿಲ್ಲ" ಅಂತ ಬಿಟ್ಟವ್ರು ಎಷ್ಟೋ ಮಂದಿ ಹತ್ತು ವರ್ಷ ಕೋರ್ಟ್ ಅಲದಾರ. ಹಿಂದೂ ವಾರಸಾ ಕಾಯ್ದೆಗೆ 2005ರ ತಿದ್ದುಪಡಿ ಆದಮ್ಯಾಲೆ ಹೆಣ್ಮಕ್ಕಳಿಗೂ ಗಂಡ್ಮಕ್ಕಳಷ್ಟೇ ಹಕ್ಕು. ಅವ್ರು ಒಲ್ಲೆ ಅಂದ್ರ ಆಮ್ಯಾಲೆ ಸಬ್ ರಜಿಸ್ಟ್ರಾರ್ ಕಡೆ ಹಕ್ಕುಬಿಡುಗಡೆ ಪತ್ರ ಮಾಡ್ಲಿ, ಅದು ಅವರ ಖುಷಿ. ಮೊದಲ ಅವ್ವನ ಹೆಸರೂ ಸೇರ್ಸಿ ಎಲ್ಲಾರದೂ ಜಂಟಿ ವಾರಸಾ ಆಗ್ಲಿ, ವಾಟ್ನಿ (ಪಾಲು ಮಾಡೂ) ಮಾತು ಈಗ ಬ್ಯಾಡ.

ಪಿಎಂ ಕಿಸಾನ್ ಅಪ್ಪನ ಹೆಸರಿಗೆ ಬರ್ತಿತ್ತೇನು? 2000ದ ಕಂತು ಇನ್ನೂ ಬೀಳಾಕತ್ತಿದ್ರ ಮುಟ್ಟಬ್ಯಾಡ್ರಿ, ಕೃಷಿ ಇಲಾಖೆಗೆ ತಿಳಸ್ರಿ, ಸತ್ತವರ ಹೆಸರಿಗೆ ಬಂದದ್ದು ವಾಪಸ್ ಕೇಳ್ತಾರ. ಉತಾರ ನಿಮ್ಮ ಹೆಸರಿಗೆ ಆದಮ್ಯಾಲೆ ರೈತ ಸಂಪರ್ಕ ಕೇಂದ್ರದಾಗ ಎಫ್‌ಐಡಿ (ರೈತರ ಗುರ್ತಿನ ನಂಬರ) ಮಾಡ್ಸಿ ಹೊಸಾ ಅರ್ಜಿ ಹಾಕ್ರಿ. ಆ ಸ್ಕೀಮಿಗೆ 1 ಫೆಬ್ರವರಿ 2019ರ ಒಳಗ ಹೊಲ ಹೆಸರಿಗೆ ಇರಬೇಕಂತ ಐತಿ, ಆದ್ರ ಸಾವಿನಿಂದ ವಾರಸಾ ಬಂದದ್ದಕ್ಕ ಅದು ಲಾಗೂ ಇಲ್ಲ. ಸೊಸೈಟಿ ಸಾಲ ಮಾಫ್ ಆಗಂಗಿಲ್ಲ, ಸುಮ್ನ ಕೂತ್ರ ಬಡ್ಡಿ ಬೆಳೀತೈತಿ, ಹೋಗಿ ಮಾತಾಡ್ರಿ.

ಕೊರೋನಾದಿಂದ ತೀರಿದವ್ರ ಮನಿಗೆ ಸರ್ಕಾರ 2021ರಾಗ ಸಾರಿದ 50 ಸಾವಿರದ ಪರಿಹಾರಕ್ಕ ಅರ್ಜಿ ಹಾಕೀರೇನು?

ಭೀಮಾ_ದಂಡಿ:

ಅದನ್ನ ತಮ್ಮ ನೋಡಾಕತ್ಯಾನ್ರಿ. ದಾಖಲಾದಾಗ ಸಾವಿನ ಕಾರಣ ಬರದಿಲ್ಲ, ಹಂಗಾದ್ರ ಸಿಗಂಗಿಲ್ಲ ಅಂತ ಊರಾಗ ಹೆದರ್ಸ್ಯಾರ.

ಹಳೇತಲಾಟಿ:

ಮಾಮೂಲಿ ದಾಖಲಾದಾಗ ಕಾರಣ ಇರಂಗೇ ಇಲ್ಲ. ಅದು ಬ್ಯಾರೆ ಕಾಗದ, ಫಾರ್ಮ್ 4 ಅಂತ, ದವಾಖಾನಿ ಡಾಕ್ಟರ್ ತುಂಬ್ತಾರ. ಪಾಸಿಟಿವ್ ಬಂದ 30 ದಿನದೊಳಗ ಸತ್ರ ಕೊರೋನಾ ಸಾವಂತನೇ ಲೆಕ್ಕ, ಟೆಸ್ಟ್ ರಿಪೋರ್ಟ್ ಜೋಪಾನ ಇಟ್ಕೋ. ಯಾರರ ಆಗಂಗಿಲ್ಲ ಅಂದ್ರ ಜಿಲ್ಲಾ ಸಮಿತಿ ಐತಿ ತಕರಾರು ಹಾಕಾಕ.

ಭೀಮಾ_ದಂಡಿ:

ಎಲ್ಲಾರಿಗೂ ಶರಣು. ಮುಂದಿನ ಸೋಮವಾರ ಮಾವನ್ನ ಕರ್ಕೊಂಡು ಪಾಲಿಕೆಗೆ ಹೊಂಟೀನಿ. ಅಕ್ಕಂದೇರಿಗೆ ಫೋನ್ ಮಾಡಿದ್ದೆ, ದೊಡ್ಡಾಕಿ "ಹೊಲ ನನಗ ಬ್ಯಾಡ, ಆ ನಿಂಬಿ ಗಿಡ ಒಂದು ಕಡೀಬ್ಯಾಡ್ರಿ" ಅಂದ್ಲು. ಹೆಸರು ಮಾತ್ರ ಬರಸ್ತೀನಿ, ಮುಳುಗಡೆ ಕಾಕಾ ಹೇಳಿದಂಗ.

ಅಥಣಿ_ಅಕ್ಕ:

ಸೋಮವಾರ ಸುಟ್ಟಿ ಐತೇನು ನೋಡ್ಕೊಂಡು ಹೋಗಪಾ, ಮಹಾರಾಷ್ಟ್ರದ ಸುಟ್ಟಿ ಬ್ಯಾರೆ ಇರ್ತಾವ. ಬುತ್ತಿ ಕಟ್ಕೊಂಡು ಹೋಗು.