ಯೀಸ್ಟ್‌ನಲ್ಲಿ ಪಿಎಚ್‌ಡಿ ಮಾಡಿದವರು ಕ್ಯಾನ್ಸರ್ ಲ್ಯಾಬ್‌ಗೆ ಪೋಸ್ಟ್‌ಡಾಕ್ ಹೋಗಬಹುದಾ?

ಇಳಕಲ್ ಹುಡುಗಿ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡಿದ್ದೇನೆ, ಥೀಸಿಸ್ ಕೊಟ್ಟಾಗಿದೆ. ಐದೂವರೆ ವರ್ಷ ಬರೀ ಯೀಸ್ಟ್, ಜೀನ್‌ಗಳು ಯಾವಾಗ ಆನ್ ಆಗುತ್ತವೆ, ಯಾವಾಗ ಆಫ್ ಆಗುತ್ತವೆ ಅನ್ನೋದೇ ವಿಷಯ. ಈಗ ಪೋಸ್ಟ್‌ಡಾಕ್‌ಗೆ, ಅಂದರೆ ಪಿಎಚ್‌ಡಿ ಆದ ಮೇಲಿನ ಸಂಶೋಧನಾ ಕೆಲಸಕ್ಕೆ, ಜರ್ಮನಿಯ ಹೈಡಲ್‌ಬರ್ಗ್‌ನ ಒಂದು ಲ್ಯಾಬ್‌ನಿಂದ ಇಂಟರ್‌ವ್ಯೂಗೆ ಕರೆದಿದ್ದಾರೆ. ಮಕ್ಕಳ ಗಡ್ಡೆಗಳಲ್ಲಿ ಜೀನ್ ನಿಯಂತ್ರಣ ಹೇಗೆ ತಪ್ಪುತ್ತದೆ ಅಂತ ನೋಡುವ ಲ್ಯಾಬ್. ನಾನು ಇವತ್ತಿನವರೆಗೆ ಮನುಷ್ಯರ ಜೀವಕೋಶ ಬೆಳೆಸಿದವಳೇ ಅಲ್ಲ, ಏನು ಧೈರ್ಯದಲ್ಲಿ ಹೋಗಲಿ?

ಇನ್ನೊಂದು ವಿಷಯ. ಅಪ್ಪ ನೇಕಾರರು. "ಕ್ಯಾನ್ಸರ್‌ಗೆ ಔಷಧಿ ಕಂಡುಹಿಡಿಯೋಕೆ ಹೊಂಟೀಯೇನವ್ವಾ" ಅಂತ ಕೇಳುತ್ತಾರೆ. ಹೌದು ಅಂದರೆ ಸುಳ್ಳು, ಅಲ್ಲ ಅಂದರೆ ಅವರ ಮುಖ ಸಪ್ಪಗಾಗುತ್ತದೆ.

ಕ್ರೊಮಾಟಿನ್ ಕಾಕಾ
ಮೊದಲು ಆ ಭಯ ಬಿಡಿ. ನಿಮ್ಮ ಯೀಸ್ಟೇ ನಿಮಗೆ ದಾರಿ. ಸ್ವಿ-ಸ್ನಿಫ್ (SWI/SNF) ಗೊತ್ತಲ್ವಾ, ಜೀನ್‌ಗಳನ್ನು ತೆರೆದಿಡುವ ಪ್ರೋಟೀನ್‌ಗಳ ತಂಡ? 1980ರ ದಶಕದಲ್ಲಿ ಸಕ್ಕರೆ ಹುದುಗಿಸಲಾಗದ ಯೀಸ್ಟ್‌ಗಳನ್ನು ಹುಡುಕುತ್ತಿದ್ದವರಿಗೆ ಸ್ನಿಫ್ ಜೀನ್‌ಗಳು ಸಿಕ್ಕವು, ಆಗ ಅವರ್ಯಾರೂ ಕ್ಯಾನ್ಸರ್ ಹುಡುಕುತ್ತಿರಲಿಲ್ಲ. 1998ರಲ್ಲಿ ನೋಡಿದರೆ ಪುಟ್ಟ ಮಕ್ಕಳಿಗೆ ಬರುವ ರ‍್ಯಾಬ್ಡಾಯ್ಡ್ ಗಡ್ಡೆಗಳಲ್ಲಿ ಕೆಟ್ಟುಹೋಗಿದ್ದದ್ದು ಅದೇ ಸ್ನಿಫ್-5ರ ಮನುಷ್ಯರ ರೂಪ! ಈಗ ಎಲ್ಲ ಬಗೆಯ ಕ್ಯಾನ್ಸರ್ ಸೇರಿಸಿ ನೋಡಿದರೆ ಸುಮಾರು 20% ಗಡ್ಡೆಗಳಲ್ಲಿ ಈ ತಂಡದ ಒಂದಲ್ಲ ಒಂದು ಜೀನ್ ಕೆಟ್ಟಿರುತ್ತದೆ.

ಆಮೇಲೆ ನಡೆದದ್ದು ನನಗೆ ತುಂಬ ಇಷ್ಟ. ಸ್ವಿ-ಸ್ನಿಫ್ ಡಿಎನ್‌ಎ ಸುತ್ತನ್ನು ಸಡಿಲಿಸುತ್ತದೆ, ಇಝೆಡ್‌ಎಚ್2 (EZH2) ಅನ್ನೋ ಪ್ರೋಟೀನ್ ಇರುವ ಪಾಲಿಕೋಂಬ್ ತಂಡ ಜೀನ್‌ಗಳನ್ನು ಮುಚ್ಚಿಡುತ್ತದೆ, ಎರಡೂ ಒಂದನ್ನೊಂದು ಎಳೆಯುತ್ತಿರುತ್ತವೆ. ಒಂದು ಕಡೆಯವರು ಕೈಬಿಟ್ಟರೆ ಇನ್ನೊಂದು ಕಡೆಯದೇ ಆಟ. ಹಾಗಾದರೆ ಇಝೆಡ್‌ಎಚ್2ವನ್ನೇ ತಡೆದರೆ? ಹಾಗೆ ಬಂದದ್ದು ಟಾಜೆಮೆಟೋಸ್ಟಾಟ್ ಅನ್ನೋ ಔಷಧಿ. 2020ರಲ್ಲಿ ಅಮೆರಿಕದಲ್ಲಿ ಎಪಿಥೀಲಿಯಾಯ್ಡ್ ಸಾರ್ಕೋಮಾ ಅನ್ನೋ ಅಪರೂಪದ ಕ್ಯಾನ್ಸರ್‌ಗೆ ಒಪ್ಪಿಗೆ ಸಿಕ್ಕಿತು, ಅದರಲ್ಲೂ ಹೆಚ್ಚಾಗಿ ಇದೇ ಸ್ನಿಫ್-5 ಪ್ರೋಟೀನ್ ಇರುವುದಿಲ್ಲ. ಆದರೆ ಆ ಪರೀಕ್ಷೆಯಲ್ಲಿ ಗಡ್ಡೆ ಚೆನ್ನಾಗಿ ಕುಗ್ಗಿದ್ದು 62 ಜನರಲ್ಲಿ 9 ಜನಕ್ಕೆ. ಉಳಿದವರಿಗೆ ಯಾಕೆ ಆಗಲಿಲ್ಲ? ನಿಮ್ಮಂಥವರು ಬೇಕಾಗಿರುವುದು ಇಲ್ಲಿಗೇ. ಅಪ್ಪನಿಗೂ ಇದನ್ನೇ ಹೇಳಿ, ಔಷಧಿ ಅಲ್ಲ, ಔಷಧಿ ಎಲ್ಲಿ ತಾಗಬೇಕು ಅಂತ ಹುಡುಕೋಕೆ ಹೋಗ್ತಿದ್ದೀನಿ ಅಂತ.

ಮಂಗಳೂರು_ಲ್ಯಾಬ್
ಕಾಕಾ ಹೇಳಿದ್ದು ಸರಿ, ಆದರೆ ಕೆಲಸದ ವೇಗದ ಬಗ್ಗೆಯೂ ಗೊತ್ತಿರಲಿ. ಯೀಸ್ಟ್ ಒಂದೂವರೆ ಗಂಟೆಗೆ ಎರಡಾಗುತ್ತದೆ, ಮನುಷ್ಯರ ಕ್ಯಾನ್ಸರ್ ಕೋಶಗಳಿಗೆ ಒಂದು ದಿನವಾದರೂ ಬೇಕು, ಕೆಲವಕ್ಕೆ ಇನ್ನೂ ಜಾಸ್ತಿ. ವಾರದಲ್ಲಿ ಮುಗಿಯುತ್ತಿದ್ದ ಪ್ರಯೋಗಕ್ಕೆ ಎರಡು ತಿಂಗಳು ಹಿಡಿಯುತ್ತದೆ. ನನ್ನ ಮೊದಲ ಪೋಸ್ಟ್‌ಡಾಕ್‌ನಲ್ಲಿ ಪಕ್ಕದ ಬೆಂಚಿನವರು ಕೊಟ್ಟ ಕೋಶಗಳನ್ನು ನಂಬಿ ಆರು ತಿಂಗಳು ಚಿಪ್-ಸೀಕ್ (ಡಿಎನ್‌ಎ ಮೇಲೆ ಯಾವ ಪ್ರೋಟೀನ್ ಎಲ್ಲಿ ಕೂತಿದೆ ಅಂತ ನೋಡುವ ಪ್ರಯೋಗ) ಮಾಡಿದೆ, ಆಮೇಲೆ ನೋಡಿದರೆ ಕೋಶಗಳಲ್ಲಿ ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾ ಸೇರಿಕೊಂಡಿತ್ತು. ಅದು ಕೋಶದ ಎಷ್ಟೋ ಜೀನ್‌ಗಳ ಆನ್-ಆಫ್ ಅನ್ನೇ ಬದಲಾಯಿಸಿಬಿಡುತ್ತದೆ, ಡೇಟಾ ಪೂರ್ತಿ ಎಸೆದೆ. ಇಂಟರ್‌ವ್ಯೂನಲ್ಲಿ ಸಂಕೋಚ ಬಿಟ್ಟು ಕೇಳಿ: ಮೈಕೋಪ್ಲಾಸ್ಮಾ ಟೆಸ್ಟ್ ಎಷ್ಟು ದಿನಕ್ಕೊಮ್ಮೆ? ಡೇಟಾ ವಿಶ್ಲೇಷಣೆ ಕಲಿಸೋರು ಯಾರು? ಲ್ಯಾಬ್ ಬಿಡುವಾಗ ಪ್ರಾಜೆಕ್ಟ್ ಜೊತೆಗೆ ಒಯ್ಯಬಹುದಾ? ಮತ್ತೆ ಅಲ್ಲಿಂದ ಬಿಟ್ಟುಹೋದ ಇಬ್ಬರ ಹತ್ತಿರವಾದರೂ ಮಾತಾಡಿ. ಯುರೋಪಿನ ಎಂಬೋ (EMBO) ಸಂಸ್ಥೆ ಪೋಸ್ಟ್‌ಡಾಕ್‌ಗಳಿಗೆ ಕೊಡುವ ಫೆಲೋಶಿಪ್‌ಗೆ ಪಿಎಚ್‌ಡಿ ಆಗಿ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು, ಸುಮ್ನೆ ತಡ ಮಾಡಬೇಡಿ.

ಇಳಕಲ್ ಹುಡುಗಿ
ಇಬ್ಬರಿಗೂ ತುಂಬ ಥ್ಯಾಂಕ್ಸ್. ಹಳೆಯ ಪೋಸ್ಟ್‌ಡಾಕ್ ಇಬ್ಬರಿಗೆ ಈಗಷ್ಟೇ ಮೇಲ್ ಹಾಕಿದೆ. ಅಪ್ಪನಿಗೆ ನೂಲು ಸುತ್ತಿದ ಕಂಡಿಕೆ ಹಿಡಿದೇ ಹೇಳಿದೆ, ಡಿಎನ್‌ಎ ಹೀಗೇ ಸುತ್ತಿರುತ್ತದೆ, ಎಲ್ಲಿ ಸಡಿಲಾಗುತ್ತದೋ ಅಲ್ಲಿಯ ಜೀನ್ ಓದೋಕೆ ಸಿಗುತ್ತದೆ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಡಿಲ ಮಾಡಾಂವ ಇಲ್ಲಂದ್ರ ಮಗ್ಗ ನಿಂತಂಗ ಅಲ್ಲೇನು?" ಅಂದರು.